ಲ್ಯಾಬಿಗೆ ಜೊತೆ ಬರುವ ರಂಗನಾಯಕಿ ಮಾಮಿ
ಬಸವನಗುಡಿಯ ಆ ಬೀದಿಯಲ್ಲಿ ಯಾವ ಬಸುರಿಗೆ ಡಾಕ್ಟರು ಗ್ಲೂಕೋಸ್ ಪರೀಕ್ಷೆ ಬರೆದುಕೊಟ್ಟರೂ ಜೊತೆಗೆ ಲ್ಯಾಬಿಗೆ ಹೊರಡುವವರು ರಂಗನಾಯಕಿ ಮಾಮಿಯೇ. ಗಂಡ, ಅತ್ತೆ, ತಾಯಿ ಎಲ್ಲರಿಗೂ ಹಿಂದಿನ ಬೆಂಚು. ಖಾಲಿ ಹೊಟ್ಟೆಯಲ್ಲಿ ಬಂದಿದ್ದಾಳೋ ಇಲ್ಲವೋ ಎಂದು ಬಾಯಿ ಮೂಸಿ ನೋಡುವುದೊಂದು ಬಾಕಿ. ಮೊದಲ ರಕ್ತ ತೆಗೆದ ಮೇಲೆ ಗ್ಲೂಕೋಸ್ ನೀರು ಕುಡಿಸುತ್ತಾರೆ. ಆಮೇಲೆ ಎರಡು ಗಂಟೆ ಅಲುಗದಂತೆ ಕೂರಿಸಿ, ವಾಂತಿಯ ನೆನಪೇ ಬಾರದಂತೆ ಗಾಂಧಿ ಬಜಾರಿನ ಜಗಳಗಳನ್ನೆಲ್ಲ ಅಭಿನಯಿಸಿ ತೋರಿಸುತ್ತಾರೆ. ಉಳಿದ ರೋಗಿಗಳು ತಮ್ಮ ಸರದಿಯನ್ನೇ ಮರೆತು ಕೇಳುತ್ತಾರೆ. ಎದುರುಮನೆಯ ಬಸುರಿ ಸುಪ್ರಜಾ ಹಿಂದೊಮ್ಮೆ ಮಾಮಿಯನ್ನು ಬಿಟ್ಟು ಹೋಗಿ, ಕುಡಿದದ್ದೆಲ್ಲ ಕಕ್ಕಿ, ಪರೀಕ್ಷೆ ಮುಗಿಯದೆ ವಾಪಸಾಗಿದ್ದಳು. ಮಾಮಿ ಜೊತೆಗಿದ್ದ ಈ ಸಲವೂ ಅರ್ಧಕ್ಕೇ ಮುಖ ಬಿಳಿಚಿಕೊಂಡು, "ಆಗಲ್ಲ ಮಾಮಿ, ಹೋಗ್ಬಿಡೋಣ. ನಂಗೆ ಶುಗರ್ ಇರೋ ಹಾಗೆ ಅನ್ಸೋದೇ ಇಲ್ಲ" ಎಂದಳು. ಮಾಮಿಯ ಅಭಿನಯ ನಿಂತಿತು. "ನಂಗೂ ಅನ್ಸಿರ್ಲಿಲ್ಲ ಕಣೇ. ಆಗ ಯಾರೂ ಪರೀಕ್ಷೆ ಮಾಡಿ ನೋಡ್ಲಿಲ್ಲ. ಮಗು ಹೊಟ್ಟೇಲಿ ವಿಪರೀತ ಬೆಳೆದಿತ್ತು. ಉಳೀಲಿಲ್ಲ." ಸುಪ್ರಜಾ ಅವರ ಕೈಯನ್ನು ಗಟ್ಟಿಯಾಗಿ ಹಿಡಿದು, ಕೊನೆಯ ರಕ್ತ ಕೊಡುವವರೆಗೂ ಬಿಡಲಿಲ್ಲ. ಸೂಜಿ ಹೊರಬಂದಾಗ ಲ್ಯಾಬಿನ ತುಂಬ ಚಪ್ಪಾಳೆ! ಸಂಜೆ ವರದಿ ಬಂತು. ಸಕ್ಕರೆ ಮಿತಿ ಮೀರಿತ್ತು. ಸುಪ್ರಜಾ ಅತ್ತಳು. ಮಾಮಿ ಮಾತ್ರ ಬೀದಿಗೆಲ್ಲ ಕೇಳುವಂತೆ ಕೂಗಿದರು: "ಅಳ್ಬೇಡ್ವೇ, ಗೆದ್ವಿ! ಸಿಕ್ಕಿಬಿತ್ತಲ್ಲ, ಇನ್ನು ನಾವು ಹೇಳಿದ ಹಾಗೆ ಕೇಳುತ್ತೆ!" ಮಾಮಿ ಊಟ ಅಳೆದು ಬಡಿಸಿದರು, ಸುಪ್ರಜಾ ದಿನಾ ನಡೆದಳು, ಡಾಕ್ಟರು ಹೇಳಿದ್ದನ್ನೆಲ್ಲ ಮಾಡಿದಳು. ಹದವಾದ ತೂಕದ, ಗಟ್ಟಿ ಗಂಟಲಿನ ಹೆಣ್ಣುಮಗು ಹುಟ್ಟಿದಾಗ, ಸುಪ್ರಜಾ ಅದನ್ನು ಮೊದಲು ಮಾಮಿಯ ಮಡಿಲಿಗೆ ಕೊಟ್ಟಳು.