‘ಇವತ್ತ ಬ್ಯಾಡ’ ಎಂದವರ ಮನೆಯೊಳಗೆ

ಬೆಳಗಿನ ಆರು ಗಂಟೆ. ಹುಮನಾಬಾದ ಬಸ್ ನಿಲ್ದಾಣದಲ್ಲಿ ಬಸವಕಲ್ಯಾಣದ ಬಸ್ಸಿಗೆ ಚಾಲಕ ಇನ್ನೂ ಬಂದಿಲ್ಲ, ಸುಮನಬಾಯಿ ಬಂದು ಕೂತು ಕಾಲು ಗಂಟೆಯಾಗಿದೆ. ತೊಡೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ದಾರಕ್ಕೆ ಪೋಣಿಸಿದ ಗಾಜಿನ ಬಳೆಗಳ ಮಲಾರ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ. ಬಿರುಕು ಬಿಟ್ಟ ಬಳೆಯ ಸದ್ದು ಬೇರೆ. ಇವತ್ತು ಅಂಥವು ಎರಡು ಸಿಕ್ಕವು. ಕಿಟಕಿಯಾಚೆ ಎಸೆಯದೆ ಸೆರಗಿನ ತುದಿಗೆ ಕಟ್ಟಿಕೊಂಡರು.

“ಏನ್ ಬಾಯಿ, ಬುಟ್ಟಿಗಿ ಬ್ಯಾರೆ ಟಿಕೀಟ್ ಹರೀಲೇನು?” ಎನ್ನುತ್ತಾರೆ ಕಂಡಕ್ಟರ್ ಇಸ್ಮಾಯಿಲ.

“ಹರಿ ಭಾಯಿ. ಅದಕ್ಕ ಬ್ಯಾರೆ ಸೀಟ್ ಕೊಡು.”

ಈ ಜೋಕಿಗೆ ಒಂಬತ್ತು ವರ್ಷ ವಯಸ್ಸು. ಇಬ್ಬರೂ ಇವತ್ತೇ ಹುಟ್ಟಿತು ಎಂಬಂತೆ ನಗುತ್ತಾರೆ.

ಸುಮನಬಾಯಿಗೆ ನಲವತ್ತೇಳು. ತವರು ನಿರ್ಣಾ, ಕುರಿ ಕಾಯುವ ಮನೆತನ. ಗಂಡ ಕಲ್ಲಿನಾಥ ಈಗಲೂ ಕುರಿಯ ಹಿಂದೆ. ವಾರದಲ್ಲಿ ಮೂರು ದಿನ ಮಾಣಿಕನಗರದಲ್ಲಿ ಮಂಚದಗಲದ ಬಳೆಯಂಗಡಿ, ನಾಲ್ಕು ದಿನ ಹಳ್ಳಿ. ದಿನಕ್ಕೆ ಎರಡು ಊರು, ಇಪ್ಪತ್ತು ಇಪ್ಪತ್ತೈದು ಕೈ. ಮತ್ತೆ ಎರಡೋ ಮೂರೋ ಬಾಗಿಲಲ್ಲಿ ತಗ್ಗಿದ ದನಿಯ ಒಂದು ಮಾತು: “ಇವತ್ತ ಬ್ಯಾಡ, ನಾಲ್ಕ ದಿನ ಬಿಟ್ಟ ಬಾ.”

ಆ ಮಾತಿಗೆ ಇಲ್ಲಿ ವಿವರಣೆ ಬೇಕಿಲ್ಲ. ಮುಟ್ಟಿನ ದಿನಗಳಲ್ಲಿ ಹೊಸ ಬಳೆ ಏರಿಸಿಕೊಳ್ಳಬಾರದೆಂಬುದು ಹಲವು ಮನೆಗಳ ರಿವಾಜು. ಹೀಗಾಗಿ ಗಂಡನಿಗೆ ನೆನಪಿಲ್ಲದ, ದವಾಖಾನೆಯ ರಿಜಿಸ್ಟರಿನಲ್ಲೂ ಇಲ್ಲದ ತಾರೀಖುಗಳು ಬಳೆಗಾರ್ತಿಯ ತಲೆಯಲ್ಲಿರುತ್ತವೆ. “ಕುರಿ ಎಣಸೋದು ನಂದು, ದಿನ ಎಣಸೋದು ಆಕೀದು,” ಎಂಬುದು ಕಲ್ಲಿನಾಥನ ಮಾತು.

ಬೇರೆ ಬಳೆಗಾರ್ತಿಯರು ಆ ಬಾಗಿಲಿಂದ ಮುಂದಕ್ಕೆ ಹೋಗುತ್ತಾರೆ. ಸುಮನಬಾಯಿ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಅದರ ತಳದ ಬಟ್ಟೆಚೀಲವನ್ನಷ್ಟೇ ಹಿಡಿದು ಒಳಗೆ ಹೋಗುತ್ತಾರೆ. “ಬಳಿ ಬ್ಯಾಡ ಅಂದಿ. ನಾ ಬ್ಯಾಡ ಅಂದಿಲ್ಲಲ್ಲ?”

ಚೀಲದಲ್ಲಿ ಹೊಲಿದ ಹತ್ತಿಯ ಪ್ಯಾಡು, ಅಂಗಡಿಯ ಪ್ಯಾಡಿನ ಪಾಕೀಟು, ತೋರಿಸಲಿಕ್ಕೊಂದು ಮುಟ್ಟಿನ ಕಪ್ (ಮೆನ್‌ಸ್ಟ್ರುಯಲ್ ಕಪ್) ಇವೆ. ಯಾವುದು ಚಲೋ ಎಂದು ಯಾರಾದರೂ ಕೇಳಿದರೆ ಅವರು ಉತ್ತರ ಕೊಡುವುದಿಲ್ಲ, ತಿರುಗಿ ಕೇಳುತ್ತಾರೆ. ಮನೆಯಲ್ಲಿ ನೀರಿದೆಯೇ? ಕೂಲಿಗೆ ಹೋದಲ್ಲಿ ಬದಲಿಸಲು ಮರೆ ಇದೆಯೇ? ಬಳಸಿದ್ದನ್ನು ಎಲ್ಲಿ ಹಾಕುತ್ತೀ? “ಬಳಿ ಕೈಗಿ ತಕ್ಕಂಗ ಇರ್ಬೇಕು, ಇದು ಮನಿಗಿ ತಕ್ಕಂಗ. ಪಕ್ಕದ ಮನ್ಯಾಕಿ ಅಳತಿ ನಿನಗ ಆಗಂಗಿಲ್ಲ.”

ಮಿಕ್ಕದ್ದನ್ನು ಉಪಕೇಂದ್ರದ ನರ್ಸ್ ಸರಿತಾ ಕಲಿಸಿದ್ದಾರೆ. ಪ್ಯಾಡಾಗಲಿ ಬಟ್ಟೆಯಾಗಲಿ, ತುಂಬಲಿ ತುಂಬದಿರಲಿ, ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು. ಬದಲಿಸುವ ಮೊದಲೂ ಆಮೇಲೂ ಕೈ ತೊಳೆಯಬೇಕು. ವಾಸನೆ ಹಾಕಿದ ಪ್ಯಾಡಿನಿಂದ ತುರಿಕೆ ಬಂದರೆ ಅದನ್ನು ಬಿಡಬೇಕು. ಬಟ್ಟೆಯಾದರೆ ಹತ್ತಿಯದೇ ಬೇಕು, ನೈಲಾನ್ ಸೀರೆಯ ತುಂಡು ಕೂಡದು. ಕಪ್ ಅನ್ನು ಪ್ರತಿ ತಿಂಗಳೂ ಕುದಿಸಬೇಕು. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಬೇಕು, ಸಂಡಾಸಿಗಲ್ಲ. ಇಷ್ಟನ್ನೂ ಅವರು ಪಾಠ ಒಪ್ಪಿಸಿದಂತೆ ಹೇಳುವುದಿಲ್ಲ. ಇನ್ನೊಂದು ಮನೆಯ ಚಾಡಿಯಂತೆ ಹೇಳುತ್ತಾರೆ, ಅದಕ್ಕೇ ಕೇಳುವವರು ಹತ್ತಿರ ಸರಿಯುತ್ತಾರೆ.

ಆದರೆ ಬುಟ್ಟಿಯ ತಳದಲ್ಲಿ, ಪೇಪರಿನಲ್ಲಿ ಸುತ್ತಿದ ಒಂದು ಡಜನ್ ನೀಲಿ ಬಳೆ ಎರಡು ವರ್ಷದಿಂದ ಹಾಗೇ ಇವೆ. ಯಾರು ಕೇಳಿದರೂ ಕೊಡುವುದಿಲ್ಲ.

ಅವು ಕೊಹಿನೂರ ಎಂಬ ಹಳ್ಳಿಯ ಆಮ್ರಪಾಲಿಯ ಅಳತೆಯವು. ಆಗ ಅವಳು ಹತ್ತನೆಯ ತರಗತಿ. ತಾಯಿ ಗಿರಿಜಾಬಾಯಿ ಹೊಲದ ಕೂಲಿ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಚಿತ್ರವಿರುವ ಆ ಮನೆ ಮೈಲಿಗೆಯನ್ನು ಒಂದು ತಲೆಮಾರಿನ ಹಿಂದೆಯೇ ಬಿಟ್ಟಿತ್ತು, ನಾಚಿಕೆಯನ್ನು ಬಿಟ್ಟಿರಲಿಲ್ಲ. ಸುಮನಬಾಯಿ ಹುಡುಗಿಗೆ ಹೊಲಿದ ಬಟ್ಟೆ ಕೊಟ್ಟರು. ತಣ್ಣೀರಲ್ಲಿ ಸಾಬೂನು ಹಚ್ಚಿ ಒಗೆ, ಒಣಗಿಸು ಎಂದರು. ಹುಡುಗಿ ಒಗೆದಳು. ಅಣ್ಣನ ಕಣ್ಣಿಗೆ ಬೀಳದಿರಲೆಂದು ಆಡಿನ ಕೊಟ್ಟಿಗೆಯಲ್ಲಿ, ಗೋಣಿಚೀಲದ ಕೆಳಗೆ ಹರವಿದಳು. ಮಳೆಗಾಲ. ಹಸಿಯಾಗಿದ್ದುದನ್ನೇ ಮತ್ತೆ ಮತ್ತೆ ಬಳಸಿದಳು. ತುರಿಕೆ ಬಂತು, ಹುಣ್ಣಾಯಿತು, ಜ್ವರ ಏರಿತು. ಯಾರಿಗೂ ಹೇಳಲಿಲ್ಲ. ಕೊನೆಗೆ ಬಸವಕಲ್ಯಾಣದ ದವಾಖಾನೆಯಲ್ಲಿ ಎಂಟು ದಿನ ಮಲಗಿದಳು.

“ಒಣಗಿಸು ಅಂದೆ,” ಎನ್ನುತ್ತಾರೆ ಸುಮನಬಾಯಿ. “ಎಲ್ಲಿ ಒಣಗಿಸ್ತಿ ಅಂತ ಕೇಳಲಿಲ್ಲ. ಗಲತಿ ನಂದೇ.”

ಗಿರಿಜಾಬಾಯಿಯೂ ಗಲತಿ ಇವರದೇ ಅಂದರು, ಬಾಗಿಲಲ್ಲಿ ನಿಂತು, ಇಡೀ ಓಣಿಗೆ ಕೇಳುವಂತೆ. ಅವತ್ತಿನಿಂದ ಆ ಬಾಗಿಲು ಇವರಿಗೆ ಮುಚ್ಚಿತು. ಅವತ್ತಿನಿಂದಲೇ ಸುಮನಬಾಯಿ ಯಾವ ಮನೆಯಲ್ಲೂ ಮೊದಲು ಕೇಳುವುದು ಒಂದೇ: “ಹಗ್ಗ ಎಲ್ಲಿ ಕಟ್ಟೀರಿ, ತೋರಸು.” ಬಿಸಿಲಿನ ಹಗ್ಗ ಕಣ್ಣಾರೆ ಕಂಡ ಮೇಲೆಯೇ ಬಟ್ಟೆ. ಹಗ್ಗವಿಲ್ಲದ ಮನೆಗೆ ಪಾಕೀಟು.

ಗಿರಿಜಾಬಾಯಿಯ ಮನೆಯಲ್ಲಿ ಕಿರಿಯ ಮಗಳು ಪೂನಂ ಬೆಳೆಯುತ್ತಿದ್ದಾಳೆ. ಅವಳಿಗೆ ಯಾರು ಹೇಳುತ್ತಾರೆ, ಏನು ಹೇಳುತ್ತಾರೆ ಎಂಬುದೇ ಸುಮನಬಾಯಿಯ ಫಿಕೀರು. ಹದಿನೈದು ದಿನಕ್ಕೊಮ್ಮೆ ಆ ಓಣಿಯಲ್ಲಿ “ಬಳಿ, ಬಳೀ” ಎಂಬ ಕೂಗು ಮಿಕ್ಕ ಓಣಿಗಳಿಗಿಂತ ತುಸು ಜೋರಾಗಿರುತ್ತದೆ.

ಇವತ್ತು ಆ ಕೂಗಿಗೆ ಬಾಗಿಲು ತೆರೆಯುತ್ತದೆ. “ಮೌಶಿ, ಬಾ. ಅವ್ವ ಕರ್ಯಾಕತ್ತಾಳ.” ಆಮ್ರಪಾಲಿ. ಕಾಲೇಜಿನ ಹುಡುಗಿ ಈಗ.

ಒಳಗೆ ಗಿರಿಜಾಬಾಯಿ ತೊಗರಿ ಹಸನು ಮಾಡುತ್ತಿದ್ದಾರೆ. ಮೊರದಿಂದ ಮುಖ ಎತ್ತುವುದಿಲ್ಲ. “ನಿನ್ನಿ ಪೂನಂಗ ಶುರು ಆಗ್ಯದ.”

ಎರಡು ವರ್ಷ ಕಾದ ಬಾಗಿಲು. ಸುಮನಬಾಯಿ ರೂಢಿಯಂತೆ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಬರೀ ಚೀಲ ಹಿಡಿದು ಹೊಸ್ತಿಲು ದಾಟುತ್ತಾರೆ. ಈಗ ಗಿರಿಜಾಬಾಯಿ ಮುಖ ಎತ್ತುತ್ತಾರೆ.

“ಬುಟ್ಟಿ ಯಾಕ ಹೊರಗ ಇಟ್ಟಿ? ಅದೆಲ್ಲ ನಮ್ಮ ಮನ್ಯಾಗ ಇಲ್ಲ. ಒಳಗ ತಗೊಂಡ ಬಾ.” ಮತ್ತೆ ಮುಖ ತಗ್ಗಿಸಿ, ತೊಗರಿಗೇ ಹೇಳುವಂತೆ: “ಎಲ್ಲಿ ಒಣಗಿಸ್ತಿ ಅಂತ ನಾನೂ ಕೇಳಿರಲಿಲ್ಲ. ನಾ ಹಡದಾಕಿ.”

ಸುಮನಬಾಯಿ ಹಗ್ಗದ ಮಾತೆತ್ತುವ ಮೊದಲೇ ಆಮ್ರಪಾಲಿ ಹಿತ್ತಲ ಬಾಗಿಲು ತೆರೆದು ತೋರಿಸುತ್ತಾಳೆ. ಬೇವಿನ ಮರದಿಂದ ಗೋಡೆಗೆ ಹಗ್ಗ, ಅದರ ಮೇಲೆ ಹನ್ನೊಂದು ಗಂಟೆಯ ಬಿಸಿಲು. ಅಣ್ಣ ಸಂಘರತ್ನನ ಅಂಗಿಯ ಪಕ್ಕದಲ್ಲೇ ಅವಳ ಬಟ್ಟೆಗಳು, ಮೇಲೆ ಮರೆಯಿಲ್ಲದೆ. “ಅಣ್ಣನೇ ಕಟ್ಯಾನ. ಗಂಟ ಹಾಕೋದು ಮಾತ್ರ ಬರಂಗಿಲ್ಲ ಅವಂಗ, ಎರಡ ಸಲ ಬಿದ್ದದ.”

ಒಳಗೆ ತಂದ ಬುಟ್ಟಿಯ ತಳದಿಂದ ತೆಗೆದ ನೀಲಿ ಬಳೆ ಆಮ್ರಪಾಲಿಯ ಗೆಣ್ಣು ದಾಟುವುದಿಲ್ಲ. ಕೈ ಬೆಳೆದಿದೆ. ಸುಮನಬಾಯಿ ಎರಡು ಸಲ ನೋಡಿ, ಪೂನಂಳ ಕೈಯನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಒಂದೊಂದೇ ಬಳೆ ಏರಿಸುತ್ತಾ, ನರ್ಸ್ ಕಲಿಸಿದ್ದನ್ನು ಒಂದೊಂದೇ ಹೇಳುತ್ತಾರೆ. ಹನ್ನೆರಡು ಬಳೆ ಮುಗಿಯುವ ತನಕ ಹುಡುಗಿ ಎದ್ದು ಓಡುವಂತಿಲ್ಲ.

ವಾಪಸು ಬಸ್ಸಿನಲ್ಲಿ ಬುಟ್ಟಿ ಹಗುರಾಗಿದೆ. ಈ ಕೆಲಸದಲ್ಲಿ ಇನ್ನೇನು ಆಗಬೇಕು ಎಂದು ಕೇಳಿದರೆ ಸುಮನಬಾಯಿ ಬುಟ್ಟಿಯನ್ನು ತೊಡೆಯ ಮೇಲೆ ಸರಿಪಡಿಸಿಕೊಳ್ಳುತ್ತಾರೆ.

“ಎಲ್ಲಾ ಮನ್ಯಾಗೂ ಹಂಗ ಅನ್ಬೇಕ್ರಿ, ಬುಟ್ಟಿ ಒಳಗ ತಗೊಂಡ ಬಾ ಅಂತ. ಹೊರಗ ಇಟ್ಟರ ಕೋಳಿ ಕೆದರ್ತಾವ.”