ಮನೆಗೊಂದು ಕೆಲಸ ಅಂತ ನಾನೇ ಹೇಳಿದ್ದೆ

ಗಡಿಯಾಚೆ ತಮಿಳು ಸೀಮೆಗೆ ಸೇರಿದ ಸೂಳಗಿರಿ ಪಕ್ಕದ, ಕನ್ನಡ ಮಾತಾಡುವ ನಮ್ಮೂರಲ್ಲಿ ತಮಿಳು ಕಾಗದ ಬಂದರೆ ಓದಿ ಹೇಳುತ್ತಿದ್ದವಳು ನಾನು. ಕಾರ್ಖಾನೆಗೆ ಜಮೀನು ಕೇಳಲು ಅಧಿಕಾರಿ ಬಂದ ದಿನವೂ, ಅವರ ಮಾತನ್ನು ಕನ್ನಡದಲ್ಲಿ ಹೇಳು ಅಂತ ನನ್ನನ್ನೇ ಮುಂದೆ ಕೂರಿಸಿದರು.

ರಸ್ತೆ ಬರುತ್ತೆ, ಬಸ್ಸು ಬರುತ್ತೆ, ಜಮೀನು ಕೊಟ್ಟ ಮನೆಗೊಂದು ಕಾಯಂ ಕೆಲಸ ಅಂದರು ಅಧಿಕಾರಿ. ಕೈಗೆ ಕೊಟ್ಟ ಕಾಗದದಲ್ಲಿ ಮಾತ್ರ ‘ಮುನ್ನುರಿಮೈ’ ಅಂತಿತ್ತು. ಆದ್ಯತೆ, ಅಷ್ಟೇ. ಬಗ್ಗಿ ಮೆಲ್ಲಗೆ ಕೇಳಿದೆ. “ಎರಡೂ ಒಂದೇಮ್ಮ, ಧೈರ್ಯವಾಗಿ ಹೇಳು” ಎಂದು ತಮಿಳಿನಲ್ಲಿ ಹೇಳಿ ನಕ್ಕರು.

ಚಿಕ್ಕಪ್ಪ ತೀರಿದ ಮೇಲೆ ಚಿಕ್ಕಮ್ಮ ಒಬ್ಬಳೇ ಗುಲಾಬಿ ತೋಟ ಬೆಳೆಸಿದ್ದಳು. ಅವಳು ನನ್ನ ಕೈ ಹಿಡಿದುಕೊಂಡು, “ಅವ್ರು ಏನಾನಾ ಹೇಳ್ಲಿ, ನೀನು ಹೇಳವ್ವ. ಮಗೀಗೆ ಕೆಲ್ಸ ಸಿಕ್ತದಾ?” ಅಂದಳು.

“ಸಿಕ್ತದೆ ಚಿಕ್ಕಮ್ಮ, ಬರ್ದೇ ಕೊಟ್ಟವ್ರೆ.”

ಹೆಬ್ಬೆಟ್ಟು ಒತ್ತಿದಳು.

ಐಟಿಐ ಮುಗಿಸಿದ್ದ ಅವಳ ಮಗಳನ್ನು ಕಾರ್ಖಾನೆಯವರು ತಗೊಂಡರು. ನೀಲಿ ಯೂನಿಫಾರ್ಮಿನಲ್ಲಿ ಬಂದು ನಮ್ಮೆಲ್ಲರಿಗೂ ತೋರಿಸಿದ್ದಳು. ಎಂಟನೇ ತಿಂಗಳು ಒಂದು ಬೆಳಗ್ಗೆ ಗೇಟಿನಲ್ಲೇ ತಡೆದು, ಕಾಂಟ್ರಾಕ್ಟ್ ಮುಗೀತು ಅಂದರು.

ಜಮೀನು ಕೊಟ್ಟಾಗಿನ ಆ ಕಾಗದ ಹಿಡಿದು ನಾನೂ ಚಿಕ್ಕಮ್ಮನೂ ಕಾರ್ಖಾನೆಗೆ ಹೋದೆವು. ಆಫೀಸಿನ ಯುವಕ ಕುರ್ಚಿ ಹಾಕಿಸಿ, ನೀರು ತರಿಸಿ, ಕಾಗದವನ್ನು ಕೊನೆತನಕ ಓದಿದ. ಆಮೇಲೆ ಆ ಒಂದು ಪದದ ಮೇಲೆ ಬೆರಳಿಟ್ಟು, ಆದ್ಯತೆ ಕೊಟ್ಟೇ ತಗೊಂಡಿದ್ದೆವಲ್ಲ ಮೇಡಂ, ಅಂತ ತಮಿಳಿನಲ್ಲಿ ಹೇಳಿದ.

“ಏನಂತೆ?” ಚಿಕ್ಕಮ್ಮ ನನ್ನ ಮುಖ ನೋಡಿದಳು.

ಈ ಸಲ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

“ಅವತ್ತೂ ಹಿಂಗೇ ಬರ್ದಿತ್ತಾ ಅದ್ರಾಗೆ?”

“ಇತ್ತು ಚಿಕ್ಕಮ್ಮ.”

“ನಿಂಗೊತ್ತಿತ್ತಾ?”

ಕಾಗದ ಮಡಚಿ ಚೀಲಕ್ಕೆ ಹಾಕಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಅವಳು ಮುಂದೆ ಹೋಗಿ ನಿಂತುಕೊಂಡಳು.

ಅಧಿಕಾರಿಗೆ ಫೋನ್ ಮಾಡಿದೆ. ತನಗೆ ಬೇರೆ ಜಿಲ್ಲೆಗೆ ವರ್ಗವಾಗಿದೆ, ಅಂಥ ಮಾತು ಆಡಿದ ನೆನಪೇ ಇಲ್ಲ ಅಂದರು. ನಿಜ, ಅವರ ಕಾಗದದಲ್ಲಿ ಎಲ್ಲೂ ಸುಳ್ಳಿಲ್ಲ. ಸುಳ್ಳನ್ನು ಕನ್ನಡದಲ್ಲಿ ಹೇಳಿದವಳು ನಾನು.

ರಸ್ತೆ ಬಂತು, ಬಸ್ಸೂ ಬಂತು. ಚಿಕ್ಕಮ್ಮನ ಮಗಳು ಈಗ ಊರು ಬಿಟ್ಟು ಆಲಸನತ್ತಂನಲ್ಲಿ ರೂಮು ಮಾಡಿಕೊಂಡು ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಚಿಕ್ಕಮ್ಮ ಇನ್ಯಾರದೋ ಪಾಲಿಹೌಸಿನಲ್ಲಿ ಕೂಲಿಗೆ ಗುಲಾಬಿ ಕೊಯ್ಯುತ್ತಾಳೆ. ಹಬ್ಬಕ್ಕೆ ಕರೆಯುತ್ತಾಳೆ, ಎಲೆ ಹಾಕಿ ಬಡಿಸುತ್ತಾಳೆ, ಇನ್ನೊಂದು ಒಬ್ಬಟ್ಟು ಹಾಕಿಸ್ಕೊ ಅಂತಾಳೆ. ಕಾಗದ ಬಂದರೆ ಮಾತ್ರ ಸೂಳಗಿರಿಯ ಜೆರಾಕ್ಸ್ ಅಂಗಡಿಗೆ ಹೋಗಿ ಓದಿಸಿಕೊಂಡು ಬರುತ್ತಾಳೆ.