ಮೂಲೆಯ ನೀಲಿ ಟೈಲ್

ಇದನ್ನು ಬರೆಯಬೇಕೆಂದು ಕೂತು, ನಾಳೆ ನೋಡೋಣ ಎಂದು ಎದ್ದುಹೋದದ್ದೇ ಹೆಚ್ಚು. ಈಗ ಸಿಮೆಂಟಿನ ಕರಣಿ ಕೆಳಗಿಟ್ಟ ವಯಸ್ಸು. ಇನ್ನು ತಡಮಾಡಬಾರದು.

ಕೆಲವು ವರ್ಷಗಳ ಹಿಂದೆ ರಾಯಚೂರು ರೈಲು ನಿಲ್ದಾಣದ ಹಳಿಗಳ ಕೆಳಗಿನ ಸಬ್‌ವೇ ಗೋಡೆಗೆ ಟೈಲ್ ಚಿತ್ರ ಕೂರಿಸಿದೆವು. ಮೇಸ್ತ್ರಿಯಾಗಿ ಅದೇ ನನ್ನ ಕೊನೆಯ ಕೆಲಸ. ಚಿತ್ರ ಬರೆದವಳು ಮಾನ್ವಿಯ ಹುಡುಗಿ. ಕೃಷ್ಣೆಯಲ್ಲಿ ನೀರು ಕುಡಿಯುವ ಎತ್ತುಗಳು, ದಂಡೆಯ ಮೇಲೆ ಹತ್ತಿ ಬಂಡಿ. ಒಂದೊಂದೇ ಟೈಲ್ ಮೇಲೆ ಬಣ್ಣ ಬರೆದು, ಭಟ್ಟಿಯಲ್ಲಿ ಸುಟ್ಟು ತರುತ್ತಿದ್ದಳು. ನಾನು ಜೋಡಿಸಿ ಅಂಟಿಸುತ್ತಿದ್ದೆ. ನಾನು ದೇವದುರ್ಗದ ಕಡೆಯ ಜಾಲಹಳ್ಳಿಯವನು. ನಮ್ಮ ಹೊಳೆಯೇ ದಿನದಿನಕ್ಕೆ ಗೋಡೆಯ ಮೇಲೆ ಏರುತ್ತಿತ್ತು. ತಲೆಯ ಮೇಲೆ ರೈಲು ಹಾದರೆ ಚಹಾದ ಗ್ಲಾಸುಗಳು ಅದುರುತ್ತಿದ್ದವು. ಆ ದಿನಗಳ ಖುಷಿ ಇನ್ನೂ ಮೈಯಲ್ಲಿದೆ.

ಕೆಲಸ ಮುಗಿಯುವ ದಿನ ಅವಳು ತನ್ನ ಹೆಸರಿನ ಟೈಲ್ ಕೊಟ್ಟಳು. "ಇದೊಂದು ಕೆಳಗಿನ ಮೂಲ್ಯಾಗ ಕೂಡಸ್ರಿ ಯಪ್ಪಾ. ನಾಳಿ ನಮ್ಮ ಅಬ್ಬಾ ನೋಡಾಕ ಬರ್ತಾರ." ಅಷ್ಟರಲ್ಲಿ ಅವಳ ಕಣ್ಣು ಮೇಲೆ ಹೋಯಿತು. "ಅಯ್ಯ, ಆ ಎತ್ತಿನ ಟೈಲ್ ತಲಿಕೆಳಗ ಆಗ್ಯಾದಲ್ರೀ!"

"ಮೇಸ್ತ್ರಿ, ನಿಮ್ಮ ಜಾಲಹಳ್ಳ್ಯಾಗ ಎತ್ತಿಗೆ ಗದ್ದದಾಗ ಕಿವಿ ಬರ್ತಾವೇನ್ರೀ?" ಎಂದು ಕೂಲಿಯವನೊಬ್ಬ ಕೂಗಿದ. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಟೈಲ್ ಸರಿ ಮಾಡಿದೆ. ಎಲ್ಲರೆದುರು ನಗೆಪಾಟಲಾದ ಸಿಟ್ಟು ಮಾತ್ರ ಆರಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಅವಳ ಹೆಸರನ್ನು ಒಡೆದುಹಾಕಲು ಹೋದೆ. ಬೆಂದ ಟೈಲ್ ಒಡೆಯಲು ಕೈ ಬರಲಿಲ್ಲ. ಅದನ್ನು ಮೂಲೆಯಲ್ಲಿ ಕೂರಿಸಿ, ಮೇಲೆ ಸಿಮೆಂಟು ಬಳಿದು, ಒಂದು ಖಾಲಿ ನೀಲಿ ಟೈಲ್ ಅಂಟಿಸಿಬಿಟ್ಟೆ.

ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ತಂದೆ ಬಂದರು. "ತೇರಾ ನಾಮ್ ಕಾಂ ಹೈ ಬೇಟಿ?" ಎಂದು ಮಗಳ ಹೆಸರು ಹುಡುಕಿದರು. ಅವಳು ಬಗ್ಗಿ ನೋಡಿ, ನನ್ನ ಕಡೆ ತಿರುಗಿದಳು.

"ಒಡದು ಹೋತವ್ವಾ," ಅಂದೆ.

ಅವಳ ಮುಖ ಸಣ್ಣಗಾಯಿತು. ಆದರೂ ತಂದೆಯ ಕೈ ಹಿಡಿದು, "ಹೋಗ್ಲಿ ಬಿಡ್ರಿ ಅಬ್ಬಾ. ಎತ್ತು ನೋಡ್ರಿ, ಮೇಸ್ತ್ರಿಗಳು ಎಷ್ಟು ಚಂದ ಕೂಡ್ಸ್ಯಾರ," ಅಂದಳು.

ಈಗಲೂ ರಾಯಚೂರಿಗೆ ಹೋದರೆ ಸಬ್‌ವೇಗೆ ಇಳಿಯುತ್ತೇನೆ. ಜನ ಎತ್ತಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮೊನ್ನೆ ಒಬ್ಬಾಕೆ, "ಯಾರು ಬರದಾರೋ ಯವ್ವಾ, ನೀರು ಹರಿದಂಗ ಅದ," ಅಂದಳು. ನಾನು ಬಗ್ಗಿ ಮೂಲೆ ಸವರಿದೆ. ಅಲ್ಲಿ ನೀಲಿ ಟೈಲ್ ಮಾತ್ರ ಒಂದು ಬೆರಳಷ್ಟು ಉಬ್ಬಿದೆ. ಅದನ್ನು ಕಿತ್ತರೆ ಕೆಳಗಿನದೂ ಒಡೆಯುತ್ತದೆ, ನಾನೇ ಹಾಕಿದ ಸಿಮೆಂಟು.

ಗೋಡೆಯ ಮೇಲೆ ಇರಬೇಕಾದ್ದನ್ನು ಇಲ್ಲಿಯಾದರೂ ಬರೆಯುತ್ತೇನೆ. ಆ ಚಿತ್ರ ಬರೆದವಳು ಮಾನ್ವಿಯ ಶಾಹೀನಾ.